ಸೀಸೆಗೂ ಪೀಪಾಯಿಗೂ ನಡುವಿನ ಬೆಲೆ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲಾದಿಂದ ಕಾರವಾರದ ಕಡೆಗೆ ಸಾಗುವಾಗ ಸಿಗುವ ಹಟ್ಟಿಕೇರಿಯನ್ನು ಹೊರಗಿನವರು ಹೆಚ್ಚಾಗಿ ಗುರುತಿಸುವುದು ಅಲ್ಲಿನ ಟೋಲ್ ಗೇಟಿನಿಂದ. ವಸ್ತುಗಳ ಬೆಲೆ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ವಿಚಾರಿಸುವವರಿಗೆ ಈ ಊರು ಇನ್ನೊಂದು ಕಾರಣಕ್ಕೂ ಮುಖ್ಯವಾಗುತ್ತದೆ. ಇಲ್ಲಿಂದ ಉತ್ತರಕ್ಕೆ ಹೊರಟು, ಕಾರವಾರವನ್ನೂ ಕಾಳಿ ನದಿಯನ್ನೂ ದಾಟಿ, ಸದಾಶಿವಗಡ ಮತ್ತು ಮಾಜಾಳಿಗಳನ್ನು ಹಾದು ಗೋವಾದ ಪೋಳೆಂ ತಲುಪುವಷ್ಟರಲ್ಲಿ, ಅದೇ ಹೆಸರಿನ, ಅದೇ ಅಳತೆಯ ಬಿಯರ್ ಬಾಟಲಿಯ ಬೆಲೆ ಗಮನಾರ್ಹವಾಗಿ ಇಳಿದಿರುತ್ತದೆ. ಬಾಟಲಿಯೊಳಗಿನ ಪಾನೀಯ ಬದಲಾಗದೆಯೇ ಬೆಲೆ ಬದಲಾಗುವುದಾದರೆ, ಕೊಳ್ಳುವವರು ಕೊಡುವ ಹಣದ ದೊಡ್ಡ ಪಾಲು ಪಾನೀಯಕ್ಕಲ್ಲದೆ ಬೇರೆ ಯಾವುದಕ್ಕೋ ಸಲ್ಲುತ್ತಿದೆ ಎಂದಾಯಿತು. ನಲ್ಲಿಯಿಂದ ತುಂಬಿಸಿ ಮನೆಗೆ ಒಯ್ಯುವ ಡ್ರಾಫ್ಟ್ ಬಿಯರು ಅಗ್ಗವೋ, ಮುಚ್ಚಳ ಒತ್ತಿದ ಬಾಟಲಿಯ ಬಿಯರು ಅಗ್ಗವೋ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ಬೇರೆ ಲೆಕ್ಕಗಳಲ್ಲಿಯೇ.

ಕಿರಾಣಿ ಅಂಗಡಿಯ ಅನುಭವ ಗ್ರಾಹಕರಿಗೆ ಒಂದು ಸಹಜ ನಂಬಿಕೆಯನ್ನು ಕಲಿಸಿದೆ: ಬಿಡಿಯಾಗಿ ಅಳೆದು ಕೊಟ್ಟದ್ದು ಅಗ್ಗ, ಪೊಟ್ಟಣ ಕಟ್ಟಿದ್ದು ತುಟ್ಟಿ. ಎಣ್ಣೆ, ಅಕ್ಕಿ, ಬೆಲ್ಲಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜವಾದ ಈ ನಂಬಿಕೆಯನ್ನು ಬಿಯರಿಗೆ ಅನ್ವಯಿಸಿದವರಿಗೆ ಆಶ್ಚರ್ಯ ಕಾದಿರುತ್ತದೆ. ಬಾಟಲಿ, ಲೇಬಲ್, ರಟ್ಟಿನ ಪೆಟ್ಟಿಗೆ ಇವು ಯಾವುವೂ ಇಲ್ಲದ ಡ್ರಾಫ್ಟ್ ಬಿಯರು ಅನೇಕ ಕಡೆಗಳಲ್ಲಿ ಲೀಟರಿನ ಲೆಕ್ಕದಲ್ಲಿ ಬಾಟಲಿಗಿಂತ ದುಬಾರಿಯಾಗಿಯೇ ಇರುತ್ತದೆ. ಇದನ್ನು ವ್ಯಾಪಾರಿಯ ದುರಾಸೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದಕ್ಕಿಂತ, ಎರಡೂ ಬಗೆಯ ಬಿಯರು ತಯಾರಾದ ಸ್ಥಳದಿಂದ ಗ್ರಾಹಕನ ಕೈಸೇರುವವರೆಗೆ ಹಾದುಬರುವ ದಾರಿಯನ್ನು ಹೋಲಿಸಿ ನೋಡುವುದು ಹೆಚ್ಚು ಪ್ರಯೋಜನಕಾರಿ.

ಡ್ರಾಫ್ಟ್ ಎಂಬ ಪದಕ್ಕೆ ಇಲ್ಲಿ 'ಪೀಪಾಯಿಯಿಂದ ಸೆಳೆದದ್ದು' ಎಂಬ ಅರ್ಥವಿದೆ. ಹಿಂದೆ ಮರದ ಪೀಪಾಯಿಗಳಲ್ಲಿ ಇರಿಸುತ್ತಿದ್ದ ಬಿಯರನ್ನು ಈಗ ಕೆಗ್ ಎಂದು ಕರೆಯುವ ಉಕ್ಕಿನ ಪೀಪಾಯಿಗಳಲ್ಲಿ ತುಂಬುತ್ತಾರೆ. ಇವು ಸಾಮಾನ್ಯವಾಗಿ 20, 30 ಅಥವಾ 50 ಲೀಟರಿನ ಅಳತೆಯಲ್ಲಿರುತ್ತವೆ. ತಂಪಾಗಿಟ್ಟ ಕೆಗ್ಗಿಗೆ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡ ಕೊಟ್ಟು, ಕೊಳವೆಯ ಮೂಲಕ ನಲ್ಲಿಗೆ ಹಾಯಿಸಿ, ಬೇಕಾದಷ್ಟನ್ನು ಮಾತ್ರ ಹಿಡಿದುಕೊಡಲಾಗುತ್ತದೆ. ದೊಡ್ಡ ಬ್ರುವರಿಗಳು ಕೆಗ್ ತುಂಬಿ ಬಾರುಗಳಿಗೆ ಕಳಿಸುವ ಡ್ರಾಫ್ಟ್ ಒಂದು ಬಗೆಯಾದರೆ, ತಯಾರಿಸಿದ ಕಟ್ಟಡದಲ್ಲಿಯೇ ಬಡಿಸುವ ಮೈಕ್ರೋಬ್ರುವರಿ, ಅಂದರೆ ಕಿರು ಬ್ರುವರಿಯ ಡ್ರಾಫ್ಟ್ ಇನ್ನೊಂದು ಬಗೆ. ಬೆಂಗಳೂರಿನ ಮೊದಲ ಮೈಕ್ರೋಬ್ರುವರಿ ಎಂದು ಹೆಸರಾದ ಬಿಯರ್ ಕ್ಲಬ್ 2011ರಲ್ಲಿ ತೆರೆದ ಮೇಲೆ ಈ ಎರಡನೆಯ ಬಗೆ ಕರ್ನಾಟಕದ ನಗರಗಳಲ್ಲಿ ಬೆಳೆಯಿತು.

ಇಂಥ ಬಿಯರನ್ನು ಮನೆಗೆ ಒಯ್ಯುವ ಪಾತ್ರೆಗೆ ಗ್ರೌಲರ್ ಎಂಬ ಹೆಸರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಕಾರ್ಮಿಕರ ಮನೆಗಳವರು ತಗಡಿನ ಬಕೆಟ್ಟು ಹಿಡಿದು ಸಲೂನ್ ಎಂಬ ಮದ್ಯದಂಗಡಿಗೆ ಹೋಗಿ ಬಿಯರು ತರುತ್ತಿದ್ದ ಕಾಲದಿಂದ ಬಂದ ಪದವಿದು. ಇಂದು ಪ್ರಚಲಿತವಾಗಿರುವ, ಬಿಗಿಯಾದ ಮುಚ್ಚಳವುಳ್ಳ, 64 ಔನ್ಸ್ ಅಂದರೆ ಸುಮಾರು 1.9 ಲೀಟರ್ ಹಿಡಿಸುವ ಗಾಜಿನ ಗ್ರೌಲರನ್ನು 1989ರಲ್ಲಿ ವಯೋಮಿಂಗ್ ರಾಜ್ಯದ ಒಂದು ಸಣ್ಣ ಬ್ರುವರಿ ಬಳಕೆಗೆ ತಂದಿತು. ಬಿಯರಿನ ವಿಷಯದಲ್ಲಿ ಇದು ಹೊರಗಿನ ಸಂಗತಿಯಾದರೂ, ತುಂಬಿಸಿಕೊಂಡು ಹೋಗುವ ರೂಢಿ ಉತ್ತರ ಕನ್ನಡದ ಕರಾವಳಿಗೆ ಅಪರಿಚಿತವಲ್ಲ. ತೆಂಗು ಮತ್ತು ಬಗನಿ ಮರಗಳಿಂದ ಇಳಿಸಿದ ಕಳ್ಳನ್ನು ಮಡಕೆಯಿಂದ ಅಳೆದುಕೊಡುವ ಕಸುಬು ಇಲ್ಲಿ ತಲೆತಲಾಂತರದಿಂದ ಇದ್ದದ್ದು. ಬೆಳಗ್ಗೆ ಸಿಹಿಯಾಗಿದ್ದ ರಸ ಹೊತ್ತೇರಿದಂತೆ ಹುದುಗಿ ಅಮಲೇರಿಸಿಕೊಂಡು, ಮರುದಿನಕ್ಕೆ ಹುಳಿಯಾಗಿ ವಿನೆಗರಿನತ್ತ ಹೊರಳುತ್ತಿತ್ತು. ಆ ಪಾನೀಯಕ್ಕೆ ಪೊಟ್ಟಣವಿರಲಿಲ್ಲ. ಅದಕ್ಕೇ ಅದಕ್ಕೆ ನಾಳೆಯೂ ಇರಲಿಲ್ಲ, ದೂರದ ಊರೂ ಇರಲಿಲ್ಲ. ಪ್ಯಾಕಿಂಗ್ ಎಂದರೇನು ಎಂಬುದನ್ನು ಅರಿಯಲು ಕಳ್ಳಿನ ಮಡಕೆಗಿಂತ ಒಳ್ಳೆಯ ಪಾಠವಿಲ್ಲ.

ಬಾಟಲಿ ಕೊಡುವುದು ಮೊದಲಿಗೆ ಕಾಲವನ್ನು. ಲೂಯಿ ಪಾಶ್ಚರ್ 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿ, ಬಿಯರು ಕೆಡುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದ ಬಳಿಕ, ತುಂಬಿ ಮುಚ್ಚಿದ ಬಾಟಲಿಗಳನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಹಾಯಿಸುವ ಪಾಶ್ಚರೀಕರಣ ಕ್ರಮ ವ್ಯಾಪಕವಾಯಿತು. ಹೀಗೆ ಕಾಯಿಸಿದ ಬಿಯರು ತಂಪುಪೆಟ್ಟಿಗೆಯಿಲ್ಲದ ಗೋದಾಮಿನಲ್ಲಿಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಕಂದು ಗಾಜಿಗೂ ಒಂದು ಕೆಲಸವಿದೆ. ಹಾಪ್ಸ್ ಹೂವಿನಿಂದ ಬಂದ ಕಹಿಯ ಅಂಶ ಬೆಳಕಿಗೆ ಒಡೆದು ದುರ್ವಾಸನೆ ಬರಿಸುವುದನ್ನು ಅದು ತಡೆಯುತ್ತದೆ. ಕಿರು ಬ್ರುವರಿಯ ಡ್ರಾಫ್ಟ್ ಬಿಯರನ್ನು ಸಾಮಾನ್ಯವಾಗಿ ಪಾಶ್ಚರೀಕರಿಸುವುದಿಲ್ಲ. ಆದ್ದರಿಂದ ಅದನ್ನು ತಯಾರಿಸಿದ ದಿನದಿಂದ ಲೋಟಕ್ಕೆ ಬೀಳುವ ಕ್ಷಣದವರೆಗೂ ಶೀತದಲ್ಲಿಯೇ ಇರಿಸಬೇಕಾಗುತ್ತದೆ. ಗ್ರೌಲರಿಗೆ ತುಂಬಿದ ಮೇಲೆ ಕೆಲವೇ ದಿನಗಳಲ್ಲಿ, ಮುಚ್ಚಳ ತೆರೆದ ಮೇಲೆ ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಮುಗಿಸಬೇಕಾಗುತ್ತದೆ. ಬಾಟಲಿಯ ಬಿಯರು ಗಾಜಿಗೂ ಶಾಖಕ್ಕೂ ಒಮ್ಮೆ ವೆಚ್ಚ ಮಾಡಿ ನಿಶ್ಚಿಂತವಾಗುತ್ತದೆ. ಡ್ರಾಫ್ಟ್ ಬಿಯರು ಪ್ರತಿದಿನ ವಿದ್ಯುತ್ತಿಗೆ ವೆಚ್ಚ ಮಾಡುತ್ತಲೇ ಇರಬೇಕು.

ಸಾಗಣೆಯ ಲೆಕ್ಕ ಮಾತ್ರ ಕೆಗ್ಗಿನ ಪರವಾಗಿದೆ. ಭಾರತದಲ್ಲಿ ಬಿಯರಿನ ದೊಡ್ಡ ಬಾಟಲಿ 650 ಮಿಲಿಲೀಟರಿನದು. ಅಂಥ 12 ಬಾಟಲಿಗಳ ಒಂದು ಪೆಟ್ಟಿಗೆಯಲ್ಲಿರುವುದು 7.8 ಲೀಟರ್ ಬಿಯರ್. 50 ಲೀಟರಿನ ಒಂದು ಕೆಗ್ಗಿನ ಬಿಯರನ್ನು ಬಾಟಲಿಗಳಿಗೆ ಹಂಚಿದರೆ 77 ಬಾಟಲಿಗಳು ಬೇಕು. ಖಾಲಿ ಬಾಟಲಿಯೊಂದರ ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸಿನಲ್ಲಿರುವುದರಿಂದ, 50 ಲೀಟರ್ ಬಿಯರಿಗೆ ಹತ್ತಿರ ಹತ್ತಿರ 38 ಕಿಲೋ ಗಾಜನ್ನು ಲಾರಿ ಹೊರಬೇಕಾಗುತ್ತದೆ. ಅಷ್ಟೇ ಬಿಯರನ್ನು ಹಿಡಿಸುವ ಉಕ್ಕಿನ ಕೆಗ್ಗಿನ ತೂಕ ಸುಮಾರು 12 ಕಿಲೋ. ಕೆಗ್ಗು ಒಡೆಯುವುದಿಲ್ಲ, ವರ್ಷಾನುಗಟ್ಟಲೆ ಮರುಬಳಕೆಯಾಗುತ್ತದೆ. ಹೀಗಾಗಿ ಗಾಜು, ಮುಚ್ಚಳ, ಲೇಬಲ್, ಸಾಗಣೆಗಳಷ್ಟನ್ನೇ ಎಣಿಸುವುದಾದರೆ ಡ್ರಾಫ್ಟ್ ಬಿಯರು ಅಗ್ಗವಾಗಲೇಬೇಕು ಎಂಬ ಗ್ರಾಹಕನ ತರ್ಕದಲ್ಲಿ ದೋಷವಿಲ್ಲ.

ಆದರೆ ಬಿಯರಿನ ಬೆಲೆಯನ್ನು ಅತಿ ಹೆಚ್ಚು ರೂಪಿಸುವ ಅಂಶ ತೆರಿಗೆ. ಮಾನವ ಸೇವನೆಯ ಮದ್ಯ ಸರಕು ಮತ್ತು ಸೇವಾ ತೆರಿಗೆಯ (ಜಿಎಸ್‌ಟಿ) ವ್ಯಾಪ್ತಿಯಿಂದ ಹೊರಗಿದ್ದು, ಅದರ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೇ ಉಳಿದಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಡಿ ಎರಡು ಬಗೆಯ ಸುಂಕಗಳು ಬಿಯರಿಗೆ ಅನ್ವಯಿಸುತ್ತವೆ. ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾದದ್ದು ಮೂಲ ಅಬಕಾರಿ ಸುಂಕ. ತಯಾರಕರು ಘೋಷಿಸಿದ ಬೆಲೆಯ ಮೇಲೆ ಶೇಕಡಾವಾರು ವಿಧಿಸುವುದು ಹೆಚ್ಚುವರಿ ಅಬಕಾರಿ ಸುಂಕ. ಈ ಎರಡನೆಯದನ್ನು 2023ರ ಜುಲೈ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ಶೇ 175ರಿಂದ ಶೇ 185ಕ್ಕೂ, 2025ರ ಜನವರಿಯಲ್ಲಿ ಶೇ 195ಕ್ಕೂ ಏರಿಸಲಾಯಿತು. ಇದರ ಮೇಲೆ, 2003ರಲ್ಲಿ ಸ್ಥಾಪನೆಯಾಗಿ ರಾಜ್ಯದ ಮದ್ಯದ ಸಗಟು ವ್ಯಾಪಾರವನ್ನು ನಡೆಸುತ್ತಿರುವ ಕರ್ನಾಟಕ ರಾಜ್ಯ ಪಾನೀಯ ನಿಗಮದ ಪಾಲು, ಚಿಲ್ಲರೆ ಮಾರಾಟಗಾರರ ಪಾಲು ಎರಡೂ ಸೇರಿ ಗರಿಷ್ಠ ಮಾರಾಟ ದರ ಸಿದ್ಧವಾಗುತ್ತದೆ.

ಶೇಕಡಾವಾರು ಸುಂಕಕ್ಕೆ ಇರುವ ಒಂದು ಗುಣವನ್ನು ಬಹುಮಂದಿ ಗಮನಿಸುವುದಿಲ್ಲ: ಅದು ಬಿಯರಿಗೂ ಬಾಟಲಿಗೂ ಭೇದವೆಣಿಸುವುದಿಲ್ಲ. ತಯಾರಕರ ಬೆಲೆಯಲ್ಲಿ ಗಾಜು, ಮುಚ್ಚಳ, ಲೇಬಲ್, ಪೆಟ್ಟಿಗೆಗಳ ವೆಚ್ಚವೂ ಸೇರಿರುವುದರಿಂದ, ಲೆಕ್ಕದ ಅನುಕೂಲಕ್ಕೆ ಒಂದು ಬಾಟಲಿಗೆ ಇವೆಲ್ಲ ಸೇರಿ 10 ರೂಪಾಯಿ ತಗಲುತ್ತದೆ ಎಂದು ಇಟ್ಟುಕೊಂಡರೆ, 2025ರ ಜನವರಿಯ ಶೇ 195ರ ದರದಲ್ಲಿ ಅದಕ್ಕೆ 19 ರೂಪಾಯಿ 50 ಪೈಸೆ ಸುಂಕ ಸೇರಿ, 10 ರೂಪಾಯಿಯ ಪ್ಯಾಕಿಂಗ್ 29 ರೂಪಾಯಿ 50 ಪೈಸೆಯಾಗಿ ಗ್ರಾಹಕನ ತಲೆಯ ಮೇಲೆ ಬೀಳುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಬಿಯರು ಜಿಎಸ್‌ಟಿಯ ಹೊರಗಿದ್ದರೂ ಅದನ್ನು ತುಂಬುವ ಗಾಜಿನ ಬಾಟಲಿ ಜಿಎಸ್‌ಟಿಯ ಒಳಗಿದೆ. ಬೇರೆ ಉದ್ಯಮಗಳು ಕಚ್ಚಾವಸ್ತುವಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಮ್ಮ ಉತ್ಪನ್ನದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇದನ್ನು ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಬ್ರುವರಿಯ ಉತ್ಪನ್ನಕ್ಕೆ ಜಿಎಸ್‌ಟಿಯೇ ಇಲ್ಲದ ಕಾರಣ ಅದಕ್ಕೆ ಆ ಅವಕಾಶವಿಲ್ಲ. ಹೀಗೆ ಬಾಟಲಿಗೆ ಕಟ್ಟಿದ ತೆರಿಗೆ ವೆಚ್ಚವಾಗಿ ಬದಲಾಗಿ, ಆ ವೆಚ್ಚದ ಮೇಲೆ ಮತ್ತೆ ಅಬಕಾರಿ ಸುಂಕ ಬೀಳುತ್ತದೆ. ಕೆಗ್ಗಿನ ವೆಚ್ಚ ನೂರಾರು ಬಾರಿಯ ತುಂಬುವಿಕೆಯಲ್ಲಿ ಹಂಚಿಹೋಗುವುದರಿಂದ ಡ್ರಾಫ್ಟ್ ಬಿಯರಿನ ಮೇಲೆ ಈ ಹೊರೆ ಹಗುರ.

ಮಾಜಾಳಿಯ ಆಚೆಗೂ ಈಚೆಗೂ ಇರುವ ಬೆಲೆಯ ಅಂತರ ಇದೇ ತೆರಿಗೆಯ ಫಲ. ಅದಕ್ಕೆ ಇತಿಹಾಸದ ಹಿನ್ನೆಲೆಯೂ ಇದೆ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ 1949ರ ಮುಂಬಯಿ ಪಾನನಿರೋಧ ಕಾಯಿದೆ ಜಾರಿಯಲ್ಲಿದ್ದಾಗ, ಗಡಿಯಾಚೆಯ ಗೋವಾ 1961ರ ಡಿಸೆಂಬರ್ 19ರವರೆಗೂ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದು, ಅಲ್ಲಿ ಮದ್ಯ ನಿಷಿದ್ಧವಾಗಿರಲಿಲ್ಲ. ಅನಂತರ 1964ರಲ್ಲಿ ತನ್ನದೇ ಅಬಕಾರಿ ಸುಂಕ ಕಾಯಿದೆಯನ್ನು ಪಡೆದ ಗೋವಾ ಇಂದಿಗೂ ಸುಂಕವನ್ನು ಕೆಳಮಟ್ಟದಲ್ಲಿಯೇ ಇರಿಸಿದೆ. ಅಲ್ಲಿನ ಬಾಟಲಿಗಳು ಗೋವಾದಲ್ಲಿ ಮಾತ್ರ ಮಾರಾಟಕ್ಕೆಂದು ಗುರುತಿಸಲ್ಪಟ್ಟಿದ್ದು, ಪರವಾನಗಿಯಿಲ್ಲದೆ ಅವನ್ನು ಕರ್ನಾಟಕಕ್ಕೆ ತರುವುದು ಅಪರಾಧ. ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಅಬಕಾರಿ ಸಿಬ್ಬಂದಿ ಪದೇ ಪದೇ ಹಿಡಿಯುವ ಗೋವಾ ಮದ್ಯ, ಎರಡು ರಾಜ್ಯಗಳ ಸುಂಕದ ಅಂತರ ಎಷ್ಟು ಬಲವಾದ ಆಕರ್ಷಣೆ ಎಂಬುದಕ್ಕೆ ಸಾಕ್ಷಿ.

ಗಾಜಿನ ಹೊರೆ, ಸಾಗಣೆಯ ಹೊರೆ ಎರಡೂ ಕಡಿಮೆಯಾದ ಡ್ರಾಫ್ಟ್ ಬಿಯರು ಆದರೂ ಅಗ್ಗವಾಗದಿರುವುದೇಕೆ? ಮೊದಲನೆಯ ಕಾರಣ ಪ್ರಮಾಣ. ದೊಡ್ಡ ಬ್ರುವರಿಯ ಯಂತ್ರ ಗಂಟೆಗೆ ಸಾವಿರಾರು ಬಾಟಲಿಗಳನ್ನು ತುಂಬುತ್ತದೆ; ಕಿರು ಬ್ರುವರಿ ಒಮ್ಮೆಗೆ ಕೆಲವು ನೂರು ಅಥವಾ ಸಾವಿರ ಲೀಟರನ್ನಷ್ಟೇ ಕುದಿಸಿ, ನಗರದ ದುಬಾರಿ ಜಾಗದ ಬಾಡಿಗೆಯನ್ನೂ, ಪರವಾನಗಿ ಶುಲ್ಕವನ್ನೂ, ನುರಿತ ಕೆಲಸಗಾರರ ಸಂಬಳವನ್ನೂ ಆ ಅಲ್ಪ ಪ್ರಮಾಣದ ಮೇಲೆಯೇ ಹೇರಬೇಕಾಗುತ್ತದೆ. ಎರಡನೆಯದು ನಷ್ಟ. ನಲ್ಲಿಯಿಂದ ಹರಿದು ನೊರೆಯಾಗಿ ಚೆಲ್ಲಿಹೋಗುವುದು, ಕೊಳವೆಯಲ್ಲಿ ಉಳಿಯುವುದು, ಎರಡು ವಾರಕ್ಕೊಮ್ಮೆಯಾದರೂ ನಡೆಯಬೇಕಾದ ಕೊಳವೆ ಶುದ್ಧೀಕರಣದಲ್ಲಿ ಹೋಗುವುದು, ಮಾರಾಟವಾಗದೆ ಹಳಸುವುದು ಇವೆಲ್ಲ ಮಾರಾಟವಾದ ಲೀಟರಿನ ಬೆಲೆಗೇ ಸೇರುತ್ತವೆ. ನೂರು ಲೀಟರಿನಲ್ಲಿ ಹತ್ತು ಲೀಟರ್ ಹೀಗೆ ಹೋದರೆ ಉಳಿದ ತೊಂಬತ್ತು ಲೀಟರು ನೂರರ ವೆಚ್ಚವನ್ನು ಹೊರಬೇಕು. ಮೂರನೆಯದು ಮಾರಾಟದ ಸ್ಥಳ. ವೈನ್ ಶಾಪಿನಲ್ಲಾಗಲಿ ಎಂಎಸ್‌ಐಎಲ್ ಮಳಿಗೆಯಲ್ಲಾಗಲಿ ಕೊಂಡ ಬಾಟಲಿಗೆ ಮುದ್ರಿತ ದರವೇ ಮಿತಿ. ಅಲ್ಲಿ ಕುರ್ಚಿಯಿಲ್ಲ, ಬಡಿಸುವವರಿಲ್ಲ, ಸಂಗೀತವಿಲ್ಲ. ಡ್ರಾಫ್ಟ್ ಬಿಯರು ಹುಟ್ಟಿದ್ದೇ ಕುಳಿತು ಕುಡಿಯುವ ಜಾಗದಲ್ಲಿ. ಆದ್ದರಿಂದ ಪಾರ್ಸೆಲ್ ಒಯ್ಯುವವನೂ ತಾನು ಕೂರದ ಕುರ್ಚಿಯ ಬಾಡಿಗೆಯಲ್ಲಿ ಪಾಲುದಾರನಾಗುತ್ತಾನೆ.

ಪಾತ್ರೆಯ ವೆಚ್ಚ ನಾಲ್ಕನೆಯದು. ಕೊರೊನಾ ಲಾಕ್‌ಡೌನಿನ ನಡುವೆ, 2020ರ ಮೇ ತಿಂಗಳಲ್ಲಿ, ಮೈಕ್ರೋಬ್ರುವರಿಗಳ ತೊಟ್ಟಿಗಳಲ್ಲಿ ಉಳಿದ ಬಿಯರು ಹಾಳಾಗುವ ಸ್ಥಿತಿ ಬಂದಾಗ, ಕರ್ನಾಟಕ ಸರ್ಕಾರ ಅದನ್ನು ಪಾರ್ಸೆಲ್ ಕೊಡಲು ತಾತ್ಕಾಲಿಕ ಅನುಮತಿ ನೀಡಿತು. ಒಬ್ಬರಿಗೆ ಎರಡು ಲೀಟರಿನ ಮಿತಿಯನ್ನೂ, ಗಾಜು, ಪಿಂಗಾಣಿ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯನ್ನೇ ಬಳಸಬೇಕೆಂಬ ನಿಯಮವನ್ನೂ ವಿಧಿಸಿತು. ಒಯ್ಯುವ ಡ್ರಾಫ್ಟಿನ ಆರ್ಥಿಕತೆ ಪಾತ್ರೆಯ ಮರುಬಳಕೆಯನ್ನೇ ಅವಲಂಬಿಸಿದೆ ಎಂಬುದನ್ನು ಇಂಥ ಪಾತ್ರೆಯ ಲೆಕ್ಕವೇ ತೋರಿಸುತ್ತದೆ. ಎರಡು ಲೀಟರಿನ ಉಕ್ಕಿನ ಗ್ರೌಲರಿಗೆ 1,200 ರೂಪಾಯಿ ಎಂದು ಊಹಿಸಿದರೆ, ಅದನ್ನು ಮೂರು ಬಾರಿ ತುಂಬಿಸಿ ಮೂಲೆಗಿಟ್ಟವರಿಗೆ ಪ್ರತಿ ಲೀಟರಿಗೆ 200 ರೂಪಾಯಿ ಪಾತ್ರೆಯ ವೆಚ್ಚವೇ ಆಯಿತು. ಅರವತ್ತು ಬಾರಿ ತುಂಬಿಸಿದವರಿಗೆ ಲೀಟರಿಗೆ 10 ರೂಪಾಯಿ ಮಾತ್ರ. ಒಮ್ಮೆ ಕುತೂಹಲಕ್ಕೆ ಕೊಳ್ಳುವ ಪ್ರವಾಸಿಗೆ ಡ್ರಾಫ್ಟ್ ಪಾರ್ಸೆಲ್ ಎಂದೂ ಅಗ್ಗವಾಗದು. ಬ್ರುವರಿಯ ಹತ್ತಿರವೇ ವಾಸಿಸುವ, ತನ್ನ ಪಾತ್ರೆಯನ್ನು ತೊಳೆದು ಮತ್ತೆ ತರುವ ನೆರೆಯವನಿಗೆ ಅದು ಅಗ್ಗವಾಗಬಲ್ಲದು.

ಹೋಲಿಕೆ ನ್ಯಾಯವಾಗಬೇಕಾದರೆ ಅಳತೆಯೂ ಸಮವಾಗಿರಬೇಕು. ಇಲ್ಲಿನ ಬಾರುಗಳಲ್ಲಿ ಪಿಂಟ್ ಎಂದರೆ 330 ಮಿಲಿಲೀಟರಿನ ಬಾಟಲಿ. ಬ್ರಿಟನ್ನಿನಲ್ಲಿ ಪಿಂಟ್ ಎಂದರೆ 568 ಮಿಲಿಲೀಟರ್. ಮಗ್, ಪಿಚರ್ ಎಂಬ ಹೆಸರುಗಳಂತೂ ಪಾತ್ರೆಯ ಹೆಸರುಗಳೇ ಹೊರತು ಅಳತೆಗಳಲ್ಲ. ಬ್ರಿಟನ್ನಿನಲ್ಲಿ ಡ್ರಾಫ್ಟ್ ಬಿಯರನ್ನು ಪಿಂಟಿನ ನಿಗದಿತ ಭಾಗಗಳಲ್ಲಿಯೇ ಅಳೆದು ಕೊಡಬೇಕೆಂಬ ಕಾನೂನಿದೆ. ಭಾರತದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯೂ ಅದರಡಿಯ 2011ರ ಪೊಟ್ಟಣ ಸರಕುಗಳ ನಿಯಮಗಳೂ ಮುಚ್ಚಿದ ಪೊಟ್ಟಣದ ಮೇಲೆ ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು, ಗರಿಷ್ಠ ದರಗಳನ್ನು ಮುದ್ರಿಸಬೇಕೆನ್ನುತ್ತವೆ. ನಲ್ಲಿಯಿಂದ ಹಿಡಿದ ಬಿಯರಿನ ಮೇಲೆ ಇವನ್ನು ಬರೆಯಲು ಜಾಗವೇ ಇಲ್ಲ. ಆದ್ದರಿಂದ ಡ್ರಾಫ್ಟ್ ಕೊಳ್ಳುವವರು ಲೀಟರಿನ ದರವನ್ನು ತಾವೇ ಕೇಳಿ, ಗುಣಿಸಿ, ಭಾಗಿಸಿ ನೋಡಬೇಕಾಗಿದೆ.

ಮದ್ಯಸಾರದ ಪ್ರಮಾಣವೂ ಈ ಲೆಕ್ಕಕ್ಕೆ ಸೇರಬೇಕು. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 52 ಮಿಲಿಲೀಟರ್ ಶುದ್ಧ ಮದ್ಯಸಾರವಿದ್ದರೆ, ಶೇ 5ರ ಡ್ರಾಫ್ಟ್ ಬಿಯರಿನ ಒಂದು ಲೀಟರಿನಲ್ಲಿ ಇರುವುದು 50 ಮಿಲಿಲೀಟರ್. ಅಮಲಿನ ಲೆಕ್ಕದಲ್ಲಿ ಬಾಟಲಿ ಅಗ್ಗವೆಂದು ತೋರುವುದು ಹೀಗೆ. ಆದರೆ ಅಗ್ಗವಾಗಿ ಸಿಗುವ ಅಮಲು ಕುಟುಂಬಕ್ಕೂ ದೇಹಕ್ಕೂ ಅಗ್ಗವಲ್ಲ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ತೆರಿಗೆ ಹೆಚ್ಚಿರುವುದಕ್ಕೆ ನೈತಿಕ ಸಮರ್ಥನೆಯಿರುವುದೂ ಇಲ್ಲಿಯೇ. ಹಾಗಿದ್ದಮೇಲೆ ತೆರಿಗೆಯ ಭಾರ ಬೀಳಬೇಕಾದದ್ದು ಹಾನಿ ಮಾಡುವ ಮದ್ಯಸಾರದ ಮೇಲೆ. ಹಾನಿ ಮಾಡದ ಗಾಜಿನ ಮೇಲೂ ಅದೇ ಶೇಕಡಾವಾರು ಭಾರ ಹೇರುವುದರಿಂದ ಆರೋಗ್ಯದ ಉದ್ದೇಶ ಈಡೇರದು.

ಹಟ್ಟಿಕೇರಿಯಂಥ ಕರಾವಳಿಯ ಹೆದ್ದಾರಿ ಊರಿಗೆ ಒಯ್ಯುವ ಡ್ರಾಫ್ಟ್ ಹೊಂದುತ್ತದೆಯೇ ಎಂದು ಕೇಳಿದರೆ, ಹವೆಯೇ ಮೊದಲು ಅಡ್ಡಬರುತ್ತದೆ. 4 ಡಿಗ್ರಿಯ ತಂಪಿನಲ್ಲಿ ದ್ರವ ಹಿಡಿದಿಟ್ಟುಕೊಳ್ಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಕಡಿಮೆಯನ್ನಷ್ಟೇ 30 ಡಿಗ್ರಿಯ ಸೆಕೆಯಲ್ಲಿ ಹಿಡಿಯಬಲ್ಲದು. ಬಿಸಿಲಿಗೆ ನಿಂತ ಕಾರಿನಲ್ಲಿ ಗ್ರೌಲರಿನೊಳಗಿನ ಒತ್ತಡ ಏರಿ, ತೆರೆದೊಡನೆ ಅನಿಲವೆಲ್ಲ ನೊರೆಯಾಗಿ ಹೋಗಿ, ಉಳಿಯುವುದು ಸಪ್ಪೆ ದ್ರವ. ಎರಡನೆಯ ಅಡ್ಡಿ ಹೆದ್ದಾರಿಯೇ. ಅದು ಇರಲೇಬೇಕಾದ ಅಡ್ಡಿ. ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯ ಮಾರಾಟ ಸಲ್ಲದೆಂದು ತೀರ್ಪಿತ್ತು, 2017ರ ಮಾರ್ಚ್ 31ರಂದು 20,000ಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಊರುಗಳಿಗೆ ಆ ದೂರವನ್ನು 220 ಮೀಟರಿಗೆ ಇಳಿಸಿತು. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದವರು ವಾಹನ ನಡೆಸುವುದು ಮೋಟಾರು ವಾಹನ ಕಾಯಿದೆಯಡಿ ಅಪರಾಧ. ದಾರಿಯಲ್ಲಿ ಸುಲಭವಾಗಿ ತೆರೆಯಬಹುದಾದ, ಬೇಗ ಮುಗಿಸಬೇಕಾದ ಪಾತ್ರೆಯ ಮದ್ಯ ಹೆದ್ದಾರಿಗೆ ಹೊಂದುವ ಸರಕಲ್ಲ. ಬೆಲೆ ಎಷ್ಟೇ ಅನುಕೂಲವಾಗಿದ್ದರೂ ಈ ಮಾತಿಗೆ ವಿನಾಯಿತಿಯಿಲ್ಲ.

ಹಾಗಾದರೆ ಇಲ್ಲಿಗೆ ಬಾಟಲಿಯೇ ಗತಿಯೆಂದಾದಾಗ, ಅದರ ವೆಚ್ಚ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಎಣಿಸಬೇಕು. ಗುಜರಿಯವರ ಮೂಲಕ ಬ್ರುವರಿಗೆ ಮರಳಿದ ಬಾಟಲಿ ತೊಳೆದು ಮತ್ತೆ ತುಂಬಲ್ಪಡುತ್ತದೆ. ಮರಳದೆ ಕಡಲತೀರದಲ್ಲಿ ಒಡೆದ ಬಾಟಲಿ ಬಲೆ ಎಳೆಯುವವರ ಬರಿಗಾಲಿಗೆ ಚುಚ್ಚುತ್ತದೆ. ಆ ಗಾಯದ ವೆಚ್ಚ ಯಾವ ಮುದ್ರಿತ ದರದಲ್ಲಿಯೂ ಇಲ್ಲ. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2022ರಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಠೇವಣಿ ಪಡೆದು, ಖಾಲಿ ಬಾಟಲಿ ತಂದಾಗ ಮರಳಿಸುವ ವ್ಯವಸ್ಥೆ ಆರಂಭವಾಯಿತು. ಕಾಡೂ ಕಡಲೂ ಒತ್ತಾಗಿರುವ ಉತ್ತರ ಕನ್ನಡಕ್ಕೆ ಇಂಥದೊಂದು ವ್ಯವಸ್ಥೆ ಡ್ರಾಫ್ಟಿಗಿಂತಲೂ ಹೆಚ್ಚು ಅಗತ್ಯ. ಪಾತ್ರೆ ಮರಳಿ ಬರಬೇಕೆಂಬ ಕೆಗ್ಗಿನ ಒಳ್ಳೆಯ ಗುಣವನ್ನು ಬಾಟಲಿಗೂ ಕಲಿಸುವ ದಾರಿ ಅದು.

ಟೋಲ್ ಗೇಟುಗಳಲ್ಲಿ ಯಾವ ವಾಹನಕ್ಕೆ ಎಷ್ಟು ಶುಲ್ಕವೆಂಬುದನ್ನು ಫಲಕ ಹಾಕಿ ತಿಳಿಸಬೇಕೆಂದು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ಹೇಳುತ್ತವೆ. ಹಟ್ಟಿಕೇರಿಯಲ್ಲಿ ಹಣ ಕೊಟ್ಟು ದಾಟುವವರು ಆ ದರವನ್ನು ಒಪ್ಪಲಿ, ಬಿಡಲಿ, ತಾವು ರಸ್ತೆಗಾಗಿ ಇಷ್ಟು ಕೊಡುತ್ತಿದ್ದೇವೆ ಎಂಬುದನ್ನಾದರೂ ಬಲ್ಲರು. ಬಿಯರಿನ ಬಾಟಲಿಯೂ ಬ್ರುವರಿ, ಅಬಕಾರಿ, ನಿಗಮ, ಅಂಗಡಿ ಎಂಬ ಹಲವು ಗೇಟುಗಳನ್ನು ದಾಟಿ ಬರುತ್ತದೆ. ಅದರ ಮೇಲೆ ಮುದ್ರಿತವಾಗುವುದು ಒಟ್ಟು ಮೊತ್ತ ಮಾತ್ರ. ಪಾನೀಯಕ್ಕೆಷ್ಟು, ಪಾತ್ರೆಗೆಷ್ಟು, ಸುಂಕಕ್ಕೆಷ್ಟು ಎಂದು ಬಾಟಲಿಯ ಲೇಬಲಿನಲ್ಲಿಯೂ ಡ್ರಾಫ್ಟ್ ಮಾರುವವರ ದರಪಟ್ಟಿಯಲ್ಲಿಯೂ ಬಿಡಿಸಿ ಬರೆಯುವ ದಿನ ಬಂದರೆ, ಪೀಪಾಯಿ ಅಗ್ಗವೋ ಸೀಸೆ ಅಗ್ಗವೋ ಎಂಬ ಪ್ರಶ್ನೆಗೆ ಗ್ರಾಹಕರು ತಾವೇ ಉತ್ತರ ಕಂಡುಕೊಳ್ಳಬಲ್ಲರು. ಖಾಲಿ ಬಾಟಲಿಯನ್ನು ಎಸೆಯುವ ಮೊದಲು ಅದಕ್ಕೆ ತೆತ್ತ ಹಣವನ್ನು ನೆನೆಯಲೂ ಅವರಿಗೆ ಒಂದು ಕಾರಣ ಸಿಗುತ್ತದೆ.